ಪಕ್ಷದ ಮಾತು ಮೀರಿದವರನ್ನು ಮತದಾರರು ಹೇಗೆ ನೋಡುತ್ತಾರೆ?
ನೀವು ಕೇಳಿದ್ದು: ಸ್ವಂತ ಪಕ್ಷವನ್ನೇ ಎದುರು ಹಾಕಿಕೊಂಡ ನಾಯಕರನ್ನು ಜನ ಮೆಚ್ಚುತ್ತಾರಾ, ಸೋಲಿಸುತ್ತಾರಾ? ಎರಡೂ ಆಗುತ್ತದೆ. ಆದರೆ ಮೆಚ್ಚುವವರು ಬೇರೆ, ಸೋಲಿಸುವವರು ಬೇರೆ. ಇಂಥವರಿಗೆ ಚಪ್ಪಾಳೆ ಬೀಳುವುದು ಹೆಚ್ಚಾಗಿ ಎದುರು ಪಾಳಯದಿಂದ. ಮತ್ತೆ ಅಭ್ಯರ್ಥಿಯಾಗಬೇಕಾದರೆ ಒಪ್ಪಬೇಕಾದವರು ಮಾತ್ರ ಸ್ವಂತ ಪಕ್ಷದವರು.

ಅಮೆರಿಕದ ರಿಪಬ್ಲಿಕನ್ ಸಂಸದೆ ಲಿಜ್ ಚೇನಿ 2021ರಲ್ಲಿ ತಮ್ಮದೇ ಪಕ್ಷದ ಅಧ್ಯಕ್ಷ ಟ್ರಂಪ್ ವಾಗ್ದಂಡನೆಯ ಪರ ಮತ ಹಾಕಿದರು. ಹೊಗಳಿಕೆಗೆ ಕೊರತೆ ಇರಲಿಲ್ಲ. ಮರುವರ್ಷ ತಮ್ಮ ರಾಜ್ಯ ವಯೋಮಿಂಗ್‌ನಲ್ಲಿ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ ಚುನಾವಣೆಯಲ್ಲಿ ಅವರಿಗೆ ಸಿಕ್ಕಿದ್ದು ಶೇ 29ರಷ್ಟು ಮತ. ಹಾಗೆ ಮತ ಹಾಕಿದ ಹತ್ತು ರಿಪಬ್ಲಿಕನ್ನರಲ್ಲಿ 2022ರ ಚುನಾವಣೆ ದಾಟಿ ಕೆಳಮನೆಗೆ ಮರಳಿದ್ದು ಇಬ್ಬರೇ. ಆ ಇಬ್ಬರು ಕ್ಯಾಲಿಫೋರ್ನಿಯಾ ಮತ್ತು ವಾಷಿಂಗ್ಟನ್ ರಾಜ್ಯದವರು. ಅಲ್ಲಿ ಎಲ್ಲ ಪಕ್ಷದವರಿಗೂ ಒಂದೇ ಪ್ರೈಮರಿ, ಯಾರು ಬೇಕಾದರೂ ಮತ ಹಾಕಬಹುದು. ಮೇಲ್ಮನೆಯಾದ ಸೆನೆಟ್‌ನಲ್ಲಿ ಟ್ರಂಪ್ ವಿರುದ್ಧ ನಿಂತ ರಿಪಬ್ಲಿಕನ್ ಲೀಸಾ ಮರ್ಕೌಸ್ಕಿ ಗೆದ್ದ ಅಲಾಸ್ಕಾದಲ್ಲೂ ಅಂಥದೇ ವ್ಯವಸ್ಥೆ. ಧೈರ್ಯ ಎಲ್ಲರದೂ ಒಂದೇ ಆಗಿತ್ತು, ಫಲಿತಾಂಶದಲ್ಲಿ ಮತಪೆಟ್ಟಿಗೆಯ ಮುಂದೆ ನಿಂತವರು ಯಾರು ಎಂಬುದರ ಪಾಲೂ ದೊಡ್ಡದು ಎಂದೇ ನಾನು ನಂಬುತ್ತೇನೆ.

ನಮ್ಮಲ್ಲಿ ಲೆಕ್ಕ ಬೇರೆ. 2019ರಲ್ಲಿ ಸ್ವಂತ ಪಕ್ಷಕ್ಕೆ ತಿರುಗಿಬಿದ್ದ ಕರ್ನಾಟಕದ 17 ಶಾಸಕರು ಅನರ್ಹಗೊಂಡರು. ಅವರಲ್ಲಿ 13 ಮಂದಿ ಡಿಸೆಂಬರ್ ಉಪಚುನಾವಣೆಗೆ ಬಿಜೆಪಿಯಿಂದ ನಿಂತರು, 11 ಮಂದಿ ಗೆದ್ದರು, ಹೆಚ್ಚಿನವರು ಮಂತ್ರಿಗಳೂ ಆದರು. ಜನರಿಗೆ ನಿಷ್ಠೆ ಬೇಕಿಲ್ಲ ಅಂತ ಇದನ್ನು ಓದುವುದು ತಪ್ಪು. ಆಳುವ ಪಕ್ಷದ ಶಾಸಕನಿದ್ದರೆ ಕ್ಷೇತ್ರಕ್ಕೆ ಅನುದಾನ ಬರುತ್ತದೆ ಎನ್ನುವುದು ಮತದಾರರಿಗೆ ಗೊತ್ತಿರುವ ವಿಷಯ.

ನನಗೆ ನಿಜವಾಗಿ ಬೇಸರ ತರಿಸುವುದು ಇನ್ನೊಂದು. ಪಕ್ಷ ಬಿಡುವುದು ಬೇರೆ, ಪಕ್ಷದಲ್ಲೇ ಇದ್ದು "ಇದು ಸರಿಯಲ್ಲ" ಎನ್ನುವುದು ಬೇರೆ. 1985ರ ಪಕ್ಷಾಂತರ ನಿಷೇಧ ಕಾಯ್ದೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ: ವಿಪ್, ಅಂದರೆ ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ, ಮೀರಿ ಮತ ಹಾಕಿದರೆ, ಪಕ್ಷ ಕ್ಷಮಿಸದಿದ್ದರೆ, ಸದಸ್ಯತ್ವವೇ ಹೋಗಬಹುದು. ಹಾಗಾಗಿ ಒಂದು ಮಸೂದೆಯನ್ನು ಮನಸ್ಸಾಕ್ಷಿಯಿಂದ ವಿರೋಧಿಸಿದ ಶಾಸಕನನ್ನು ನಾವು ನೋಡುವುದೇ ಅಪರೂಪ, ಕಣ್ಣಿಗೆ ಬೀಳುವವರು ಜಿಗಿದವರು ಮಾತ್ರ. ಯಾರಾದರೂ ದನಿ ಎತ್ತಿದ ಕೂಡಲೇ "ಎಷ್ಟಕ್ಕೆ ಡೀಲ್ ಆಯ್ತು?" ಎಂದು ಜನ ಕೇಳಿದರೆ ಅವರನ್ನು ಹೇಗೆ ದೂರಲಿ? ವಿಪ್ ಉಲ್ಲಂಘನೆಗೆ ಅನರ್ಹತೆಯನ್ನು ವಿಶ್ವಾಸಮತದಂಥ ಸಂದರ್ಭಗಳಿಗಷ್ಟೇ ಸೀಮಿತಗೊಳಿಸಿ ಎಂದು ಚುನಾವಣಾ ಸುಧಾರಣೆ ಕುರಿತ ದಿನೇಶ್ ಗೋಸ್ವಾಮಿ ಸಮಿತಿ 1990ರಲ್ಲೇ ಹೇಳಿತ್ತು. ಅದು ಇನ್ನೂ ಜಾರಿಯಾಗಿಲ್ಲ.