ಹೊಸ ಪುಸ್ತಕ ಬಂತೆಂದು ಹಳೆಯ ಆಟಗಾರನನ್ನು ಮೂಲೆಗೆ ಕೂರಿಸಬೇಡಿ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಂಥ, ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ಆಟಗಳ ಪವರ್ ಕ್ರೀಪ್ ಬಗ್ಗೆ ಬರುವ ಪತ್ರಗಳು ನಿಲ್ಲುವ ಲಕ್ಷಣವೇ ಕಾಣುತ್ತಿಲ್ಲ. ಪ್ರತಿ ಹೊಸ ನಿಯಮ ಪುಸ್ತಕವೂ ತುಸು ಹೆಚ್ಚು ಬಲದ ಆಯ್ಕೆಗಳನ್ನು ತರುತ್ತದೆ, ಹಳೆಯವು ಯಾರಿಗೂ ಬೇಡವಾಗುತ್ತವೆ. ಇದಕ್ಕೆ ಎಲ್ಲರೂ ಕೇಳುವುದು ಒಂದೇ ತಪ್ಪು ಮದ್ದನ್ನು. ಆದ್ದರಿಂದ ಈ ಸಲ ಆ ಒಂದು ಪ್ರಶ್ನೆಗೇ ಹೆಚ್ಚು ಜಾಗ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೆಯ ಆವೃತ್ತಿ, 2014ರ ನಿಯಮಗಳು. ನಾನು ಡಿಎಂ, ಅಂದರೆ ಕಥೆ ಹೇಳಿ ಆಟ ನಡೆಸುವುದು ನಾನು. ಆಟಗಾರರು ನಾಲ್ವರು, ಎಲ್ಲರೂ ಎರಡನೆಯ ಲೆವೆಲ್. ಒಬ್ಬಳು ಟ್ವೈಲೈಟ್ ಕ್ಲೆರಿಕ್ (ದೈವಶಕ್ತಿ ಬಳಸುವ ಕ್ಲೆರಿಕ್ ಪಾತ್ರದ ಒಂದು ಬಗೆ) ಆಡುತ್ತಿದ್ದಾಳೆ. ಯಾರಿಗೂ ಗಾಯವೇ ಆಗುತ್ತಿಲ್ಲ. ಗಾಯ ವಾಸಿ ಮಾಡುವ ಲೈಫ್ ಕ್ಲೆರಿಕ್ ಆಡುವ ಇನ್ನೊಬ್ಬ ಮಂಕಾಗಿದ್ದಾನೆ. ಶತ್ರುಗಳ ಬಲವನ್ನು ದುಪ್ಪಟ್ಟು ಮಾಡಲೇ?

ಬೇಡ. ಮೊದಲು ಲೆಕ್ಕ ನೋಡಿ. ಟ್ವೈಲೈಟ್ ಕ್ಲೆರಿಕ್ ಬಂದದ್ದು 2020ರ ‘ಟಾಷಾಸ್ ಕಾಲ್ಡ್ರನ್ ಆಫ್ ಎವ್ರಿಥಿಂಗ್’ ಪುಸ್ತಕದಲ್ಲಿ. ಅವಳು ಒಮ್ಮೆ ಚಾನೆಲ್ ಡಿವಿನಿಟಿ ಎಂಬ ಕ್ಲೆರಿಕ್‌ಗಳ ವಿಶೇಷ ಶಕ್ತಿ ಬಳಸಿದರೆ ಸುತ್ತ 30 ಅಡಿಯ ಮಬ್ಬು ಬೆಳಕು ಒಂದು ನಿಮಿಷ, ಅಂದರೆ ಹತ್ತು ಸುತ್ತು, ಅವಳೊಂದಿಗೇ ಸಾಗುತ್ತದೆ. ಅದರೊಳಗೆ ತನ್ನ ಸರದಿ ಮುಗಿಸಿದ ಪ್ರತಿಯೊಬ್ಬರಿಗೂ ಆರು ಮುಖದ ಒಂದು ದಾಳ ಮತ್ತು ಕ್ಲೆರಿಕ್ ಲೆವೆಲ್ ಸೇರಿದಷ್ಟು ತಾತ್ಕಾಲಿಕ ಹಿಟ್ ಪಾಯಿಂಟ್ (ಏಟು ತಾಳುವ ಬಲದ ಅಂಕ) ಸಿಗುತ್ತದೆ. ಎರಡನೆಯ ಲೆವೆಲ್‌ನಲ್ಲಿ ಅದರ ಸರಾಸರಿ 5.5. ಗಾಬ್ಲಿನ್ ಎಂಬ ಸಾಮಾನ್ಯ ಶತ್ರುವಿನ ಒಂದು ಕತ್ತಿಯೇಟಿನ ಸರಾಸರಿ ಹಾನಿ 5. ಅಂದರೆ ಸುತ್ತಿಗೊಂದು ಏಟು ಬಿದ್ದರೂ ಮೈಗೆ ತಾಗುವುದೇ ಅಪರೂಪ. ಈ ಪಾಯಿಂಟ್‌ಗಳು ಒಂದರ ಮೇಲೊಂದು ಕೂಡಿಕೊಳ್ಳುವುದಿಲ್ಲ, ನಿಜ. ಆದರೆ ಸವೆದದ್ದು ಮರುಸುತ್ತಿನಲ್ಲೇ ತುಂಬಿಕೊಳ್ಳುತ್ತದೆ.

ಈಗ ಲೈಫ್ ಕ್ಲೆರಿಕ್ ಕಡೆ ನೋಡಿ. ಅವನೂ ಅದೇ ಚಾನೆಲ್ ಡಿವಿನಿಟಿಯನ್ನೇ ಖರ್ಚು ಮಾಡುತ್ತಾನೆ. ಎಲ್ಲರಿಗೂ ಹಂಚಲು ಅವನಿಗೆ ಸಿಗುವುದು ಒಟ್ಟು 10 ಹಿಟ್ ಪಾಯಿಂಟ್, ಒಂದೇ ಸಲ. ಅದರಿಂದ ಯಾರನ್ನೂ ಅವರ ಪೂರ್ಣ ಹಿಟ್ ಪಾಯಿಂಟ್‌ನ ಅರ್ಧಕ್ಕಿಂತ ಮೇಲೆ ಏರಿಸುವಂತೆಯೂ ಇಲ್ಲ. ಅವಳು ನಾಲ್ವರಿಗೆ ಸುತ್ತೊಂದಕ್ಕೆ 22 ಕೊಡುತ್ತಿರುವಾಗ ಅವನಿಗೆ ಮಾಡಲು ಏನು ಉಳಿಯಿತು? ಸಮತೋಲನ ಕೆಟ್ಟಿರುವುದು ಇಲ್ಲಿ, ಗಾಬ್ಲಿನ್‌ಗಳ ಕಡೆಯಲ್ಲಲ್ಲ. ಶತ್ರುಗಳು ಸೋಲುವುದಕ್ಕೇ ಬಂದವರು, ಅವರ ಗೌರವದ ಚಿಂತೆ ನಿಮಗೆ ಬೇಡ. ಇಬ್ಬರು ಒಂದೇ ಕೆಲಸಕ್ಕೆ ಕೂತಿರುವಾಗ ಒಬ್ಬನ ಕೆಲಸಕ್ಕೆ ಬೆಲೆಯೇ ಇಲ್ಲದಂತಾಗಿರುವುದು ಚಿಂತೆಯ ವಿಷಯ.

ಗಾಬ್ಲಿನ್ ಏಟನ್ನು 10ಕ್ಕೆ ಏರಿಸಿದಿರಿ ಎನ್ನೋಣ. ಆ ಬೆಳಕಿನ ಹೊರಗೆ ನಿಂತ, 14 ಹಿಟ್ ಪಾಯಿಂಟ್‌ನ ವಿಝಾರ್ಡ್ ಎರಡೇ ಏಟಿಗೆ ನೆಲ ಹಿಡಿಯುತ್ತಾನೆ. ಮರುದಿನದಿಂದ ಆ ಬೆಳಕಿನಿಂದ ಹೆಜ್ಜೆ ಹೊರಗಿಡುವ ಧೈರ್ಯ ಯಾರಿಗೂ ಇರುವುದಿಲ್ಲ. ಬಲವಾದ ಆಯ್ಕೆಯನ್ನು ಅನಿವಾರ್ಯ ಮಾಡಿದವರು ನೀವೇ ಆಗುತ್ತೀರಿ.

ಕತ್ತರಿ ಹಾಕಬೇಕಾದದ್ದು ಆ ಸಾಮರ್ಥ್ಯಕ್ಕೇ. ದಾಳವನ್ನೂ ಲೆವೆಲ್ಲನ್ನೂ ತೆಗೆದುಹಾಕಿ, ಲೆವೆಲ್ ಜೊತೆ ನಿಧಾನವಾಗಿ ಏರುವ ಪ್ರೊಫಿಷಿಯನ್ಸಿ ಬೋನಸ್ ಮಾತ್ರ ಕೊಡಿ: ಈಗ 2, ಹದಿನೇಳನೆಯ ಲೆವೆಲ್‌ಗೆ 6. ಆಗಲೂ ನಾಲ್ವರಿಗೆ ಸುತ್ತಿಗೆ 8 ಆಗುತ್ತದೆ, ಅದು ಕಡಿಮೆಯೇನಲ್ಲ. ಇದನ್ನು ಆಟದ ನಡುವೆ, ಎಲ್ಲರೆದುರು ಹೇಳಬೇಡಿ. ಆ ಹುಡುಗಿ ಮೋಸ ಮಾಡಿಲ್ಲ, ಅಚ್ಚಾದದ್ದನ್ನು ಆಡಿದ್ದಾಳೆ. ಮುಂದಿನ ಆಟಕ್ಕೆ ಮೊದಲೇ ಅವಳೊಬ್ಬಳನ್ನೇ ಕೂರಿಸಿಕೊಂಡು ಮೇಲಿನ ಲೆಕ್ಕ ತೋರಿಸಿ. ಒಪ್ಪದಿದ್ದರೆ ಬೇರೆ ಪಾತ್ರ ಕಟ್ಟಲು ಬಿಡಿ, ಗಳಿಸಿದ ಲೆವೆಲ್ ಉಳಿಯಲಿ.

ನಿಮ್ಮನ್ನೂ ಒಂದು ಕೇಳಬೇಕು. ಆಟದ ಕಥೆಯೊಳಗಿನ ಒಂದು ದಿನಕ್ಕೆ ಎಷ್ಟು ಕಾದಾಟ ನಡೆಸುತ್ತೀರಿ? 2014ರ ಡಿಎಂ ಕೈಪಿಡಿ ಆರರಿಂದ ಎಂಟನ್ನು ಎಣಿಸಿಕೊಂಡು ಬರೆದದ್ದು. ಈ ಲೆವೆಲ್‌ನಲ್ಲಿ ಚಾನೆಲ್ ಡಿವಿನಿಟಿ ಒಂದು ವಿಶ್ರಾಂತಿಯಿಂದ ಇನ್ನೊಂದರವರೆಗೆ ಒಂದೇ ಸಲ. ದಿನಕ್ಕೊಂದೇ ಕಾದಾಟ ಇಟ್ಟು, ಪ್ರತಿ ಸಲ ಮಲಗಿ ಏಳಲು ಬಿಟ್ಟರೆ ಯಾವ ಕ್ಲೆರಿಕ್ಕೂ ಅತಿ ಬಲಶಾಲಿಯೇ. ಪತ್ರ ಬರೆಯುವವರು ಈ ಮಾತನ್ನು ಎಂದೂ ತಿಳಿಸುವುದಿಲ್ಲ. ನಾನೇ ಕೆದಕಿ ಕೇಳಬೇಕಾಗುತ್ತದೆ.

ಮೂಲ ಪುಸ್ತಕವೊಂದನ್ನೇ ಬಳಸಿದರೆ ಸಮತೋಲನ ಖಚಿತವಲ್ಲವೇ?

ಈ ಮೂಢನಂಬಿಕೆ ಎಂದು ಸಾಯುತ್ತದೋ! 2003ರ ಮೂರೂವರೆ ಆವೃತ್ತಿಯಲ್ಲಿ ಡ್ರೂಯಿಡ್ ಎಂಬ, ಪ್ರಾಣಿರೂಪ ತಾಳಬಲ್ಲ ಪಾತ್ರಕ್ಕೆ ಪೂರ್ಣ ಮಂತ್ರಶಕ್ತಿ, ಜೊತೆಗೊಂದು ಕಾದಾಡುವ ಪ್ರಾಣಿ, ನ್ಯಾಚುರಲ್ ಸ್ಪೆಲ್ ಎಂಬ ಫೀಟ್ (ಆಯ್ದುಕೊಳ್ಳುವ ವಿಶೇಷ ಸಾಮರ್ಥ್ಯ) ಪಡೆದರೆ ಕರಡಿಯ ರೂಪದಲ್ಲೇ ಮಂತ್ರ ಹಾಕುವ ಅನುಕೂಲ, ಎಲ್ಲವೂ ಮೊದಲ ಪುಸ್ತಕದಲ್ಲೇ ಇದ್ದವು. ಪಕ್ಕದಲ್ಲಿ ಮಂತ್ರವಿಲ್ಲದ ಯೋಧ ಫೈಟರ್ ಆಡಿದವರನ್ನು ಕೇಳಿ ನೋಡಿ.

ಸಿಲ್ವರಿ ಬಾರ್ಬ್ಸ್ ಮಂತ್ರಕ್ಕೆ ಅನುಮತಿ ಕೊಡಬಹುದೇ?

ನನ್ನ ಮೇಜಿನಲ್ಲಿ ಇಲ್ಲ. ಶತ್ರು ನಿಮ್ಮ ಮಂತ್ರದಿಂದ ಪಾರಾಗುವ ಸಾಧ್ಯತೆ ಶೇ. 50 ಇದ್ದರೆ, ಗೆದ್ದ ದಾಳವನ್ನು ಮತ್ತೆ ಎಸೆಯಿಸಿ ಶೇ. 25ಕ್ಕೆ ಇಳಿಸುತ್ತದೆ, ಮೇಲಾಗಿ ಇನ್ನೊಬ್ಬರಿಗೆ ಮುಂದಿನ ಎಸೆತದಲ್ಲಿ ಎರಡು ದಾಳ ಎಸೆದು ದೊಡ್ಡದನ್ನು ಆರಿಸಿಕೊಳ್ಳುವ ಅನುಕೂಲವನ್ನೂ ಕೊಡುತ್ತದೆ. ಮೊದಲ ಹಂತದ ಮಂತ್ರಕ್ಕೆ ಇಷ್ಟು ಸಲ್ಲದು.

ವಿಡಿಯೋ ಒಂದರಲ್ಲಿ, ವಾರ್‌ಲಾಕ್ ಎಂಬ ಮಂತ್ರವಾದಿ ಪಾತ್ರದ ಹೆಕ್ಸ್‌ಬ್ಲೇಡ್ ಬಗೆಯಿಂದ ಒಂದು ಲೆವೆಲ್ ಸೇರಿಸಿಕೊಳ್ಳದ ಪ್ಯಾಲಡಿನ್ (ಪವಿತ್ರ ಯೋಧ) ದಂಡ ಎಂದಿದ್ದಾರೆ. ನಿಜವೇ?

ಸುಳ್ಳು. ಇಂಥ ವಿಡಿಯೋ ಪಂಡಿತರ ಲೆಕ್ಕದಲ್ಲಿ ಶತ್ರು ಸದಾ ಕೈಗೆಟಕುವ ದೂರದಲ್ಲಿ ಅಲುಗದೆ ನಿಂತಿರುತ್ತಾನೆ, ಪಾತ್ರ ಈಗಷ್ಟೇ ನಿದ್ದೆಯಿಂದ ಎದ್ದಿರುತ್ತದೆ. ಇವರ ಮಾತು ಕೇಳಿ ತಮ್ಮ ಇಷ್ಟದ ಪಾತ್ರವನ್ನು ಹರಿದು ಹಾಕಿದ ಹೊಸ ಆಟಗಾರರನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಡಿಎಂ ಪರದೆಯ ಹಿಂದೆ ದಾಳದ ಅಂಕಿ ಬದಲಿಸಿ ಸಮತೋಲನ ತರಬಹುದೇ?

ಬೇಡವೇ ಬೇಡ. ಆಟಗಾರರಿಗೆ ಗೊತ್ತಾದ ದಿನ ನಿಮ್ಮ ಯಾವ ದಾಳವನ್ನೂ ಅವರು ನಂಬುವುದಿಲ್ಲ.