ಟ್ಯೂನ್ ಮಾಡಿಸಿದ ಟರ್ಬೊ ಪೆಟ್ರೋಲ್ ಕಾರಿಗೆ ಸ್ಪಾರ್ಕ್ ಪ್ಲಗ್ ಗ್ಯಾಪ್ ಎಷ್ಟಿಡಬೇಕು?

ರೀಮ್ಯಾಪ್ (ಎಂಜಿನ್ ಕಂಪ್ಯೂಟರ್ ಸೆಟ್ಟಿಂಗ್ ಬದಲಿಸಿ ಟ್ಯೂನ್ ಮಾಡುವುದು) ಆದ ಮೇಲೆ ತುಮಕೂರು-ಬೆಂಗಳೂರು ಹೈವೇನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಜರ್ಕ್ ಹೊಡೆಯುತ್ತಿದ್ದರೆ, ಮೊದಲು ಗ್ಯಾಪ್ ನೋಡಿ, ಅಂದ್ರೆ ಪ್ಲಗ್‌ನಲ್ಲಿ ಕಿಡಿ ಹಾರುವ ಸಂದಿ. ಬೂಸ್ಟ್ (ಟರ್ಬೊ ಒಳಕ್ಕೆ ತಳ್ಳುವ ಗಾಳಿಯ ಒತ್ತಡ) ಜಾಸ್ತಿ ಆದಷ್ಟೂ ಸಿಲಿಂಡರ್ ಒಳಗೆ ಒತ್ತಡ ಏರುತ್ತದೆ, ಆ ಒತ್ತಡದಲ್ಲಿ ಕಿಡಿ ಹಾರಲು ಕಾಯಿಲ್ (ಪ್ಲಗ್‌ಗೆ ಕರೆಂಟ್ ಕೊಡುವ ಭಾಗ) ಹೆಚ್ಚು ವೋಲ್ಟೇಜ್ ಕೊಡಬೇಕು, ಅದರ ಕೈಲಿ ಆಗದಿದ್ದರೆ ಪೆಟ್ರೋಲ್ ಹೊತ್ತಿಕೊಳ್ಳದೆ ಮಿಸ್‌ಫೈರ್ ಆಗುತ್ತದೆ. ಗ್ಯಾಪ್ ಕಿರಿದಾದರೆ ಕಡಿಮೆ ವೋಲ್ಟೇಜ್ ಸಾಕು, ಅದಕ್ಕೇ ಕಂಪನಿ ಗ್ಯಾಪ್ 0.8 ಮಿ.ಮೀ. ಇದ್ದರೆ 0.65-0.7 ಮಿ.ಮೀ.ಗೆ ಇಳಿಸಿ. ಟ್ಯೂನರ್ ಬೇರೆ ಅಳತೆ ಹೇಳಿದ್ದರೆ ಅದನ್ನೇ ಇಡಿ. ಸುಮ್ನೆ ಇನ್ನೂ ಕಡಿಮೆ ಮಾಡಬೇಡಿ, ಐಡ್ಲಿಂಗ್ ಅದುರುತ್ತದೆ.

ಎಂಜಿನ್ ತಣ್ಣಗಾದ ಮೇಲೆ ಪ್ಲಗ್ ಬಿಚ್ಚಿ. ವೈರ್ ಗೇಜ್ (ಗ್ಯಾಪ್ ಅಳೆಯುವ ತಂತಿ) ಸಂದಿಯಲ್ಲಿ ಸ್ವಲ್ಪ ತಾಗಿಕೊಂಡೇ ಜಾರಬೇಕು. ಬಗ್ಗಿಸುವುದು ಹೊರಗಿನ ಕೊಕ್ಕೆ ಮಾತ್ರ. ಇರಿಡಿಯಂ ಪ್ಲಗ್‌ನ ನಡುವಿನ ತುದಿ ತುಂಬಾ ಸಣ್ಣದು, ಅದಕ್ಕೆ ಆನಿಸಿ ಮೀಟಿದರೆ ಮುರಿಯುತ್ತದೆ, ಹೊಸ ಪ್ಲಗ್ ದಂಡ. ಹೊಸದೇ ಆದರೂ ಒಂದೊಂದನ್ನೂ ಅಳೆದೇ ಹಾಕಿ.