ದೊಡ್ಡ ಅಲೆಗೆ ಬೋರ್ಡಿನ ಅಗಲ ಬೇಡ, ಉದ್ದ ಬೇಕು

ಪ್ರಶ್ನೆ: ನನ್ನ ತೂಕ 72 ಕೆ.ಜಿ. ಮೂರು ವರ್ಷದಿಂದ ಸರ್ಫಿಂಗ್ ಮಾಡುತ್ತಿದ್ದೇನೆ. ಬೋರ್ಡ್ 5 ಅಡಿ 10 ಇಂಚು ಉದ್ದ, 20 ಇಂಚು ಅಗಲ, ಎರಡೂವರೆ ಇಂಚು ದಪ್ಪ, ಒಟ್ಟು ಗಾತ್ರ 31 ಲೀಟರ್. ಎದೆಮಟ್ಟದ ಅಲೆಗೆ ಏನೂ ತೊಂದರೆಯಿಲ್ಲ. ಮೂಲ್ಕಿ ಬಳಿಯ ಸಸಿಹಿತ್ಲುವಿನಲ್ಲಿ ತಲೆಗಿಂತ ಎತ್ತರದ ಅಲೆ ಬಂದ ದಿನ ಮಾತ್ರ ಬೋರ್ಡಿನ ಮೇಲೆ ಎದ್ದು ನಿಲ್ಲುವುದೇ ತಡವಾಗಿ ಬೋರ್ಡಿನ ಮೂತಿ ನೀರಿಗೆ ಹೊಗುತ್ತದೆ. ಎದ್ದರೂ ಟೇಲ್ (ಬೋರ್ಡಿನ ಹಿಂದಿನ ತುದಿ) ಜಾರುತ್ತದೆ. 22 ಇಂಚು ಅಗಲದ, 38 ಲೀಟರಿನ ಬೋರ್ಡ್ ತಗೋ ಅನ್ನುತ್ತಾರೆ ಗೆಳೆಯರು. ತೆಗೆದುಕೊಳ್ಳಲೇ ಸರ್?
– ಓದುಗ, ಸುರತ್ಕಲ್

ಉತ್ತರ: ಬೇಡ. ಅದು ಸಣ್ಣ, ಸೋಮಾರಿ ಅಲೆಗೆ ಒಳ್ಳೆಯ ಬೋರ್ಡ್. ನಿಮ್ಮ ಎರಡು ತೊಂದರೆಗಳಲ್ಲಿ ಟೇಲ್ ಜಾರುವುದನ್ನು ಅದು ಇನ್ನೂ ಜಾಸ್ತಿ ಮಾಡುತ್ತದೆ.

ದೊಡ್ಡ ಅಲೆ ಎತ್ತರ ಮಾತ್ರ ಅಲ್ಲ, ಓಟವೂ ಜೋರು. ನೀರಿನ ಆಳ ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಅಲೆ ಒಡೆಯುತ್ತದೆ. ಮೂರಡಿ ಅಲೆ ನಾಲ್ಕಡಿ ನೀರಿನವರೆಗೆ ಬರುತ್ತದೆ, ಆರಡಿ ಅಲೆ ಎಂಟಡಿ ನೀರಿನಲ್ಲೇ ಒಡೆಯುತ್ತದೆ. ಆಳ ಹೆಚ್ಚಿದಷ್ಟೂ ಅಲೆಗೆ ವೇಗ. ಮೊದಲನೆಯದು ಗಂಟೆಗೆ ಸುಮಾರು 12 ಕಿ.ಮೀ. ಓಡಿದರೆ ಎರಡನೆಯದು 17 ಕಿ.ಮೀ. ನಿಮ್ಮ ಕೈ ಮಾತ್ರ ಅದೇ ಕೈ, ಅಲ್ವಾ? ಅದಕ್ಕೇ ಉದ್ದ ಬೇಕು. ಉದ್ದದ ಬೋರ್ಡ್ ಪ್ಯಾಡಲ್ ಮಾಡುವಾಗ, ಅಂದರೆ ಮಲಗಿ ಕೈಯಿಂದ ನೀರು ತಳ್ಳುವಾಗ, ಬೇಗ ಓಟ ಹಿಡಿಯುತ್ತದೆ. ಅಲೆ ನೆಟ್ಟಗಾಗುವ ಮೊದಲೇ ನೀವು ಎದ್ದು ನಿಂತಿರುತ್ತೀರಿ.

ನಿಮ್ಮ ತೂಕಕ್ಕೆ ನಾನು ಹೇಳುವ ಅಳತೆ 6 ಅಡಿ 3 ಅಥವಾ 4 ಇಂಚು ಉದ್ದ, ಹತ್ತೊಂಬತ್ತೂವರೆ ಇಂಚು ಅಗಲ, ಎರಡೂವರೆಗಿಂತ ಒಂದು ನೂಲು ಹೆಚ್ಚು ದಪ್ಪ. ಲೀಟರ್ ಲೆಕ್ಕ 32–33ಕ್ಕೆ ನಿಲ್ಲುತ್ತದೆ, ಅಷ್ಟು ಸಾಕು. ಲೀಟರ್ ಒಂದನ್ನೇ ನೋಡಿ ಬೋರ್ಡ್ ಕೊಳ್ಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಆ 33 ಲೀಟರ್ ಎಲ್ಲಿ ತುಂಬಿದೆ ಅನ್ನುವುದೇ ಮುಖ್ಯ. ಎದೆಯ ಕೆಳಗಿದ್ದರೆ ಪ್ಯಾಡಲ್‌ಗೆ ಬಲ. ಅಂಚಿನಲ್ಲಿ, ಟೇಲಿನಲ್ಲಿ ತುಂಬಿದ್ದರೆ ವೇಗ ಬಂದಾಗ ಬೋರ್ಡ್ ನೀರಿನ ಮೇಲೆ ಎದ್ದು ಕುಣಿಯುತ್ತದೆ, ಅಂಚು ನೀರನ್ನು ಕಚ್ಚುವುದಿಲ್ಲ.

ಟೇಲಿನ ತುದಿಯಿಂದ ಒಂದಡಿ ಮುಂದಕ್ಕೆ ಟೇಪ್ ಹಿಡಿದು ಅಗಲ ನೋಡಿ. 14 ಇಂಚಿನ ಆಸುಪಾಸು ಇರಲಿ. ತುದಿ ಚಪ್ಪಟೆಯಾಗಿರದೆ ದುಂಡಗೆ ಚೂಪಾಗಿರಲಿ, ಅದನ್ನು ರೌಂಡ್ ಪಿನ್ ಅನ್ನುತ್ತಾರೆ. ನಿಮ್ಮ ಟೇಲ್ ಜಾರುವುದಕ್ಕೆ ಮದ್ದು ಇದೇ. ಮೂತಿಯ ಬಾಗು ಈಗಿನದಕ್ಕಿಂತ ಸ್ವಲ್ಪ ಜಾಸ್ತಿ ಇದ್ದರೆ ಕಡಿದಾದ ಅಲೆಯಲ್ಲಿ ನೀರಿಗೆ ಚುಚ್ಚುವುದಿಲ್ಲ. ಹವಾಯಿಯ ವೈಮಿಯಾದಲ್ಲಿ ದೈತ್ಯ ಅಲೆಗೆ ಬಳಸುವ ಒಂಬತ್ತು–ಹತ್ತಡಿಯ ಗನ್ ಬೋರ್ಡ್ ನಮ್ಮ ಕರಾವಳಿಗೆ ಬೇಕಿಲ್ಲ. ಸುಮ್ನೆ ದುಡ್ಡು ಹೋಗುತ್ತದೆ.

ನಾನು ಮೂಲ್ಕಿಯಲ್ಲಿ ಬೋರ್ಡ್ ರಿಪೇರಿ ಮಾಡುವವನು. ದೊಡ್ಡ ಅಲೆಯ ದಿನಗಳ ನಂತರ ನಡು ಮುರಿದು ಬರುವುದು ಹೆಚ್ಚಾಗಿ ತೆಳು ಫೈಬರ್‌ಗ್ಲಾಸ್ ಹಾಕಿದ ಹಗುರ ಬೋರ್ಡ್. ಹೊಸದು ಮಾಡಿಸುವುದಾದರೆ ಮೇಲ್ಭಾಗಕ್ಕೆ ಆರು ಮತ್ತು ನಾಲ್ಕು ಔನ್ಸಿನ ಎರಡು ಪದರ ಗ್ಲಾಸ್ ಬಟ್ಟೆ ಹಾಕಲು ಹೇಳಿ. ತುಸು ಭಾರವಾಗುತ್ತದೆ. ಗಾಳಿಗೆ ಅಲೆ ಮುರುಕು ಮುರುಕಾಗಿರುವಾಗ ಆ ಭಾರ ಒಳ್ಳೆಯದೇ. ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ, ಲೀಶ್ ಕೂಡ ಬದಲಿಸಿ. 6 ಅಡಿಯದು ಈ ಬೋರ್ಡಿಗೆ ಗಿಡ್ಡ, 7 ಅಡಿಯ ದಪ್ಪನೆಯದು ಬೇಕು.

ಇನ್ನೊಂದು ಮಾತು, ನೀವು ಕೇಳದಿದ್ದರೂ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ದೋಣಿಗಳಿಗೇ ಕಡಲಿಗಿಳಿಯಲು ನಿಷೇಧವಿದೆ. ಅದು ಮೀನಿನ ಸಂತಾನಕ್ಕಾಗಿ ಇರುವ ನಿಯಮ ನಿಜ, ಆದರೆ ಆಗಿನ ಕಡಲೂ ಹೊಸ ಬೋರ್ಡ್ ಪರೀಕ್ಷಿಸುವ ಕಡಲಲ್ಲ. ಸಸಿಹಿತ್ಲುವಿನಲ್ಲಿ ಶಾಂಭವಿ, ನಂದಿನಿ ಎರಡೂ ಸೇರಿ ಕಡಲಿಗೆ ಬೀಳುತ್ತವೆ. ಮಳೆನೀರು ತುಂಬಿದಾಗ, ಅದರಲ್ಲೂ ಇಳಿತದ ಹೊತ್ತಿಗೆ, ಅಳಿವೆಯ ಸೆಳೆತಕ್ಕೆ ಯಾವ ಅಳತೆಯ ಬೋರ್ಡೂ ಉತ್ತರವಲ್ಲ. ಸೆಪ್ಟೆಂಬರ್ ಕೊನೆಯವರೆಗೆ ಕಾಯಿರಿ. ಮೊದಲು ತಲೆಮಟ್ಟದ ಅಲೆಯಲ್ಲಿ, ಜೊತೆಗೆ ಒಬ್ಬರನ್ನಾದರೂ ಇಟ್ಟುಕೊಂಡು ಇಳಿಯಿರಿ. ಹಳೆ ಬೋರ್ಡ್ ಮಾರಬೇಡಿ, ವರ್ಷದ ಹೆಚ್ಚಿನ ದಿನ ನಿಮಗೆ ಬೇಕಾಗುವುದು ಅದೇ.